ರಾತ್ರಿ ಹಾರಾಟಕ್ಕೆ ಕಾಕ್‌ಪಿಟ್ ದೀಪ: ಓದುಗರ ಪ್ರಶ್ನೆ, ನಮ್ಮ ಉತ್ತರ

ಮನೆಯಲ್ಲೇ ಕಿಟ್‌ನಿಂದ ಜೋಡಿಸುವ ಎರಡು ಸೀಟಿನ ವಿಮಾನಗಳ ವೈರಿಂಗ್ ಬಗ್ಗೆ ಈ ಅಂಕಣದಲ್ಲಿ ಬರೆದ ಮೇಲೆ ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯಿಂದ ಬಂದ ಪತ್ರಗಳಲ್ಲಿ ಬಹಳಷ್ಟು ಒಳಗಿನ ದೀಪಗಳ ಬಗ್ಗೆಯೇ ಕೇಳಿವೆ. ಬೆಳಕು ಹೆಚ್ಚಿಸುವುದು ಯಾರಿಗೂ ಕಷ್ಟವಲ್ಲ. ಬೇಕಾದಷ್ಟು ಇಳಿಸುವುದು, ಇಳಿಸಿದ್ದು ತಾನಾಗಿ ಏರದಂತೆ ನೋಡಿಕೊಳ್ಳುವುದು, ಒಂದು ತಂತಿ ಕಿತ್ತರೆ ಪೂರ್ತಿ ಕತ್ತಲಾಗದಂತೆ ಮಾಡುವುದು, ಇವೇ ನಿಜವಾದ ಕೆಲಸ. ಉತ್ತರಗಳೂ ಅಲ್ಲಿಗೇ ಹೆಚ್ಚು ಜಾಗ ಕೊಟ್ಟಿವೆ.

ಪ್ರಶ್ನೆ: ಟೆಕ್ಸಾಸ್‌ನಲ್ಲಿರುವ ನಮ್ಮ ಅಳಿಯಂದಿರು ಗ್ಯಾರೇಜಿನಲ್ಲಿ ಆರ್‌ವಿ-7 ಕಿಟ್ ವಿಮಾನ ಕಟ್ಟುತ್ತಿದ್ದಾರೆ. ನಾನು ನಿವೃತ್ತ ಎಲೆಕ್ಟ್ರಿಕಲ್ ಎಂಜಿನಿಯರ್; ಮೀಟರು, ಸ್ವಿಚ್ಚುಗಳಿರುವ ಪ್ಯಾನಲ್‌ನ ದೀಪದ ನಕ್ಷೆ ಹಾಕಿಕೊಡುವ ಕೆಲಸ ನನ್ನದು. ಗ್ಲೇರ್‌ಶೀಲ್ಡ್ (ಪ್ಯಾನಲ್ ಮೇಲೆ ಚಾಚಿದ ಮರೆ) ಕೆಳಗೆ ಕಾರಿಗೆ ಹಾಕುವ 12 ವೋಲ್ಟ್ ಬಿಳಿ ಎಲ್‌ಇಡಿ ಪಟ್ಟಿ ಒಂದು ಮೀಟರ್ ಅಂಟಿಸಿದ್ದಾರೆ, ಅದರ ಜೊತೆ ಸಿಗುವ ಡಿಮ್ಮರನ್ನೇ ಹಾಕಿದ್ದಾರೆ. ಪೂರ್ತಿ ಇಳಿಸಿದರೂ ಕಣ್ಣು ಕುಕ್ಕುತ್ತದೆ. ಇಳಿಸಿದೊಡನೆ ಹೆಡ್‌ಸೆಟ್‌ನಲ್ಲಿ ಗುಂಯ್ ಎನ್ನುತ್ತದೆ. ಏನು ಬದಲಿಸಬೇಕು?
– ಓದುಗರು, ಸಾಧನಕೇರಿ, ಧಾರವಾಡ

ಉತ್ತರ: ಮೊದಲು ಪಟ್ಟಿಯನ್ನೇ ಕಡಿಮೆ ಮಾಡಿಸಿ. ಮೀಟರಿಗೆ 60 ಎಲ್‌ಇಡಿ ಇರುವ ಪಟ್ಟಿಯನ್ನು ಪ್ರತಿ 5 ಸೆಂಟಿಮೀಟರಿಗೆ, ಅಂದರೆ ಮೂರು ಎಲ್‌ಇಡಿಗೊಮ್ಮೆ, ಕತ್ತರಿಸಬಹುದು. ಸುಮಾರು ಒಂದು ಮೀಟರ್ ಅಗಲದ ಪ್ಯಾನಲ್‌ಗೆ ಇಂಥ ಆರು ತುಂಡುಗಳು ಸಾಕು. ತುಂಡಿಗೆ ಸುಮಾರು 20 ಮಿಲಿಆಂಪ್‌ನಂತೆ ಒಟ್ಟು 120 ಮಿಲಿಆಂಪ್. ಇಡೀ ಮೀಟರ್ ಉರಿಸಿ ಆಮೇಲೆ ಇಳಿಸುವುದಕ್ಕಿಂತ ಇದು ಎಷ್ಟೋ ಮೇಲು.

ಎರಡನೆಯದು ವೋಲ್ಟೇಜು. 12 ವೋಲ್ಟ್ ಎಂದು ಬರೆದ ಪಟ್ಟಿಗೆ ಆಲ್ಟರ್ನೇಟರ್ ತಿರುಗುವಾಗ ಸಿಗುವುದು ಸುಮಾರು 14.2. ಬಿಳಿ ಎಲ್‌ಇಡಿ ಮೂರು ಸರಣಿಯಲ್ಲಿದ್ದರೆ ಅವೇ 9.6 ವೋಲ್ಟ್ ತಿನ್ನುತ್ತವೆ. ಉಳಿದ 2.4 ವೋಲ್ಟ್ 150 ಓಮ್ ರೆಸಿಸ್ಟರ್ ಮೇಲೆ ಬಿದ್ದರೆ 16 ಮಿಲಿಆಂಪ್. ಅದೇ 14.2ರಲ್ಲಿ ರೆಸಿಸ್ಟರ್ ಪಾಲಿಗೆ 4.6 ವೋಲ್ಟ್ ಬರುತ್ತದೆ, ಕರೆಂಟು ಹತ್ತಿರ ಹತ್ತಿರ ದುಪ್ಪಟ್ಟು. ಶೆಡ್ಡಿನಲ್ಲಿ ಬ್ಯಾಟರಿ ಮೇಲೆ ನೋಡಿ ಹದವಾಗಿದೆ ಎಂದುಕೊಂಡ ಬೆಳಕು ಎಂಜಿನ್ ಶುರುವಾದ ಮೇಲೆ ಕುಕ್ಕುವುದು ಇದಕ್ಕೇ. ಎಲ್‌ಇಡಿಗಳು ಬೇಗ ಸಾಯುವುದೂ ಇದಕ್ಕೇ.

ಗುಂಯ್ ಶಬ್ದ ಆ ಡಿಮ್ಮರಿನದು. ಅದು ಬೆಳಕನ್ನು ನಿಜವಾಗಿ ಇಳಿಸುವುದಿಲ್ಲ, ಸೆಕೆಂಡಿಗೆ ನೂರಾರು ಸಲ ಆರಿಸಿ ಹೊತ್ತಿಸುತ್ತದೆ. ಪೂರ್ತಿ ಏರಿಸಿದಾಗ ಆರಿಸುವ ಕೆಲಸವಿಲ್ಲ, ಶಬ್ದವೂ ಇಲ್ಲ. ಇಳಿಸಿದಾಗ ಚೌಕ ಅಲೆಯ ಚೂಪಾದ ಅಂಚುಗಳು ಪಟ್ಟಿಯ ಉದ್ದ ತಂತಿಯನ್ನೇ ಆಂಟೆನಾ ಮಾಡಿಕೊಳ್ಳುತ್ತವೆ. ವಿಮಾನದ ಮಾತಿನ ರೇಡಿಯೊ 118ರಿಂದ 137 ಮೆಗಾಹರ್ಟ್ಸ್‌ನಲ್ಲಿ ಎಎಂ ಪದ್ಧತಿಯಲ್ಲಿ ಕೆಲಸ ಮಾಡುವುದರಿಂದ ಇಂಥ ಗದ್ದಲ ನೇರ ಕಿವಿಗೆ ಬರುತ್ತದೆ.

ಎರಡಕ್ಕೂ ಒಂದೇ ಮದ್ದು: ಎಲ್‌ಎಂ317 ಎಂಬ ಮೂರು ಕಾಲಿನ ರೆಗ್ಯುಲೇಟರ್. ಎಲೆಕ್ಟ್ರಾನಿಕ್ಸ್ ಬಿಡಿಭಾಗ ಮಾರುವ ಯಾವ ಅಂಗಡಿಯಲ್ಲೂ ಸಿಗುತ್ತದೆ. ಇದು ವೋಲ್ಟೇಜನ್ನು ನಯವಾಗಿ ಇಳಿಸುತ್ತದೆ, ಆರಿಸಿ ಹೊತ್ತಿಸುವುದಿಲ್ಲ. ಬಸ್‌ನಿಂದ, ಅಂದರೆ ವಿಮಾನದೊಳಗೆ ವಿದ್ಯುತ್ ಹಂಚುವ ಮುಖ್ಯ ಕೊಂಡಿಯಿಂದ, 2 ಆಂಪ್ ಫ್ಯೂಸ್ ಮೂಲಕ ಇನ್‌ಪುಟ್ ಕಾಲಿಗೆ ತಂತಿ; ಔಟ್‌ಪುಟ್ ಕಾಲಿನಿಂದ ಎಲ್‌ಇಡಿಗಳಿಗೆ. ಔಟ್‌ಪುಟ್ ಮತ್ತು ಅಡ್ಜಸ್ಟ್ ಕಾಲುಗಳ ನಡುವೆ 240 ಓಮ್. ಅಡ್ಜಸ್ಟ್ ಕಾಲಿನಿಂದ ಗ್ರೌಂಡ್‌ಗೆ 1.2 ಕಿಲೋಓಮ್ ರೆಸಿಸ್ಟರ್, ಅದರ ಸರಣಿಯಲ್ಲಿ 1 ಕಿಲೋಓಮ್ ಪಾಟ್ (ನಾಬ್ ತಿರುಗಿಸಿ ಓಮ್ ಬದಲಿಸುವ ರೆಸಿಸ್ಟರ್), ಆ ಪಾಟ್‌ನ ಎರಡು ತುದಿಗೆ ಸಮಾಂತರವಾಗಿ 2.2 ಕಿಲೋಓಮ್. ಇನ್‌ಪುಟ್ ಕಾಲಿನ ಬುಡದಲ್ಲೇ 0.1 ಮೈಕ್ರೋಫ್ಯಾರಡ್, ಔಟ್‌ಪುಟ್‌ಗೆ 1 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್.

ಈ ಅಳತೆಗಳೇ ಏಕೆ? ಬಿಳಿ ಪಟ್ಟಿ ಸುಮಾರು 7.5 ವೋಲ್ಟ್‌ಗೆ ಮಿಣುಕಲು ಶುರು ಮಾಡುತ್ತದೆ, 11ಕ್ಕೆ ಬೇಕಾದಷ್ಟು ಬೆಳಗುತ್ತದೆ. ಬರೀ ದೊಡ್ಡ ಪಾಟ್ ಹಾಕಿದರೆ ನಾಬ್‌ನ ಅರ್ಧ ತಿರುವು ಕತ್ತಲಲ್ಲೇ ಕಳೆಯುತ್ತದೆ, ಉಪಯೋಗಕ್ಕೆ ಬರುವ ಭಾಗ ಒಂದು ಸಣ್ಣ ಕೋನಕ್ಕೆ ಕುಗ್ಗುತ್ತದೆ; ಗಾಳಿಯ ಕುಲುಕಾಟದಲ್ಲಿ ಅಷ್ಟು ಸಣ್ಣ ಕೋನದಲ್ಲಿ ಬೆರಳು ನಿಲ್ಲುವುದಿಲ್ಲ. ಮೇಲಿನ ಲೆಕ್ಕದಲ್ಲಿ ನಾಬ್‌ನ ಪೂರ್ತಿ ತಿರುವು 7.5ರಿಂದ 11.1 ವೋಲ್ಟ್‌ಗೆ ಹೊಂದುತ್ತದೆ. ಕೆಂಪು ಪಟ್ಟಿಯಾದರೆ 5 ವೋಲ್ಟ್ ಆಸುಪಾಸಿಗೇ ಮಿಣುಕುತ್ತದೆ: 1.2 ಕಿಲೋಓಮ್ ಬದಲು 680 ಓಮ್ ಹಾಕಿ, ಸಮಾಂತರದ 2.2 ಕಿಲೋಓಮ್ ಬಿಟ್ಟುಬಿಡಿ.

ಇನ್ನು ಪಾಟ್ ಒಳಗೆ ಸ್ವಲ್ಪ ನೋಡಿ. ಇಂಗಾಲದ ಕಮಾನಿನ ಮೇಲೆ ಸಣ್ಣ ಲೋಹದ ನಾಲಿಗೆಯೊಂದು ಜಾರುತ್ತದೆ. ಧೂಳು ಸೇರಿ, ಇಂಗಾಲ ಸವೆದು, ಎಂಜಿನ್ನಿನ ಅದುರಿಗೆ ಆ ನಾಲಿಗೆ ಕ್ಷಣ ಎದ್ದರೂ ಸಂಪರ್ಕ ತಪ್ಪುತ್ತದೆ. ನಡುವಿನ ಕಾಲು ಮತ್ತು ಒಂದು ತುದಿ ಮಾತ್ರ ಬಳಸಿ, ಮತ್ತೊಂದು ತುದಿಯನ್ನು ಹಾಗೇ ಬಿಟ್ಟಿದ್ದರೆ, ಆ ಕ್ಷಣ ಅಡ್ಜಸ್ಟ್ ಕಾಲಿನ ದಾರಿಯೇ ಕಡಿದು ರೆಗ್ಯುಲೇಟರ್ ಪೂರ್ತಿ ವೋಲ್ಟೇಜ್ ಬಿಡುತ್ತದೆ, ಕತ್ತಲಿಗೆ ಹೊಂದಿದ ಕಣ್ಣಿಗೆ ಫಕ್ಕನೆ ಬೆಳಕು ಹೊಡೆಯುತ್ತದೆ. ಖಾಲಿ ತುದಿಯನ್ನು ನಡುವಿನ ಕಾಲಿಗೆ ಬೆಸೆದುಬಿಟ್ಟರೆ, ನಾಲಿಗೆ ಎದ್ದಾಗಲೂ ಪಾಟ್‌ನ ಪೂರ್ತಿ 1 ಕಿಲೋಓಮ್ ದಾರಿಯಲ್ಲಿರುತ್ತದೆ, ಬೆಳಕು 11.1 ವೋಲ್ಟ್‌ನ ಮಟ್ಟ ದಾಟುವುದಿಲ್ಲ. ಒಂದು ಹನಿ ಸೋಲ್ಡರಿನ ಕೆಲಸ, ದಯವಿಟ್ಟು ಬಿಡಬೇಡಿ.

ಇನ್ನೆರಡು ಕಡೆ ಬಹಳ ಜನ ಎಡವುತ್ತಾರೆ. ಎಲ್‌ಎಂ317ರ ಹಿಂದಿನ ಲೋಹದ ತಗಡು ಒಳಗೆ ಔಟ್‌ಪುಟ್ ಕಾಲಿಗೇ ಸೇರಿದೆ. ಅಲ್ಯುಮಿನಿಯಂ ಪ್ಯಾನಲ್‌ಗೆ ನೇರ ಬಿಗಿದರೆ ಔಟ್‌ಪುಟ್ ಗ್ರೌಂಡ್ ಆಗುತ್ತದೆ. ನಡುವೆ ಮೈಕಾ ವಾಷರ್, ಸ್ಕ್ರೂಗೆ ಪ್ಲಾಸ್ಟಿಕ್ ಬುಷ್ ಬೇಕೇ ಬೇಕು. ಬಿಗಿದ ಮೇಲೆ ಮಲ್ಟಿಮೀಟರಿನಲ್ಲಿ ತಗಡಿಗೂ ಪ್ಯಾನಲ್‌ಗೂ ಸಂಪರ್ಕವಿಲ್ಲವೆಂದು ನೋಡಿ. ಎರಡನೆಯದಾಗಿ, ಇದರ ಕಾಲುಗಳ ಕ್ರಮ ಅದೇ ಆಕಾರದ 12 ವೋಲ್ಟ್ ರೆಗ್ಯುಲೇಟರ್ 7812ರಂತೆ ಅಲ್ಲ. ಅಕ್ಷರ ನಿಮ್ಮ ಕಡೆ ಇರುವಂತೆ ಹಿಡಿದರೆ ಎಡದಿಂದ ಅಡ್ಜಸ್ಟ್, ಔಟ್‌ಪುಟ್, ಇನ್‌ಪುಟ್. ಆರು ತುಂಡಿನ ಹೊರೆಗೆ ಬಿಸಿ ಅರ್ಧ ವ್ಯಾಟ್ ಆಸುಪಾಸು, ಪ್ಯಾನಲ್ ತಗಡೇ ಸಾಕು. ಇಡೀ ಮೀಟರ್ ಪಟ್ಟಿಯನ್ನೇ ಉಳಿಸಿಕೊಂಡರೆ ಒಂದು ವ್ಯಾಟ್ ದಾಟುತ್ತದೆ, ಹೀಟ್ ಸಿಂಕ್ ಹಾಕಿ.

ಪೂರ್ತಿ ಇಳಿಸಿದಾಗಲೂ ಎಲ್‌ಇಡಿ ಆರದೆ ಉಳಿದರೆ, ರೆಗ್ಯುಲೇಟರ್‌ಗೆ ಬೇಕಾದ ಕನಿಷ್ಠ ಕರೆಂಟು ಸಿಗುತ್ತಿಲ್ಲ ಎಂದರ್ಥ. ಕೆಲವು ಬಿಡಿಗಳು 10 ಮಿಲಿಆಂಪ್‌ವರೆಗೂ ಕೇಳುತ್ತವೆ. ಔಟ್‌ಪುಟ್‌ನಿಂದ ಗ್ರೌಂಡ್‌ಗೆ 1 ಕಿಲೋಓಮ್, ಕಾಲು ವ್ಯಾಟ್ ರೆಸಿಸ್ಟರ್ ಹಾಕಿದರೆ ಸರಿಹೋಗುತ್ತದೆ.

ಪಟ್ಟಿಯ ಹಿಂದಿನ ಅಂಟನ್ನು ನಂಬಬೇಡಿ. ಬಿಸಿಲಲ್ಲಿ ನಿಂತ ಕ್ಯಾನೊಪಿಯ (ಕಾಕ್‌ಪಿಟ್ ಮೇಲಿನ ಪಾರದರ್ಶಕ ಮುಚ್ಚಳ) ಕೆಳಗೆ ಅದು ಬಿಟ್ಟುಕೊಂಡು ಸುರುಳಿ ಪ್ಯಾನಲ್ ಮುಂದೆ ಜೋತುಬೀಳುತ್ತದೆ. ಹಾಲುಬಣ್ಣದ ಮುಚ್ಚಳವಿರುವ ಅಲ್ಯುಮಿನಿಯಂ ಚಾನೆಲ್‌ನಲ್ಲಿ ಕೂರಿಸಿ ಸ್ಕ್ರೂ ಹಾಕಲಿ. ಸಿಲಿಕೋನ್ ಬಳಸುವುದಾದರೆ ವಿನೆಗರ್ ವಾಸನೆ ಬರುವುದು ಬೇಡ, ಅದು ತಾಮ್ರ ತಿನ್ನುತ್ತದೆ. ತಂತಿ 22 ಗೇಜಿನ, ಟೆಫ್ಜೆಲ್ ಎಂಬ ಪ್ಲಾಸ್ಟಿಕ್ ಹೊದಿಕೆಯದು ಇರಲಿ. ಮನೆ ವೈರಿಂಗಿನ ಪಿವಿಸಿ ಸುಟ್ಟರೆ ಮುಚ್ಚಿದ ಕ್ಯಾನೊಪಿಯೊಳಗೆ ವಿಷದ ಹೊಗೆ ತುಂಬುತ್ತದೆ.

ಪ್ರಶ್ನೆ: ಒಂದು ಪುಸ್ತಕ ಕೆಂಪು ದೀಪ ಎನ್ನುತ್ತದೆ, ಇನ್ನೊಂದು ಮಂದ ಬಿಳಿ ಎನ್ನುತ್ತದೆ. ಯಾವುದು ಸರಿ?
– ಎಂಜಿನಿಯರಿಂಗ್ ವಿದ್ಯಾರ್ಥಿ, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ನಮ್ಮ ಆಯ್ಕೆ ಮಂದ ಬಿಳಿ, ಅದೂ ಹಳದಿ ಛಾಯೆಯ 2,700–3,000 ಕೆಲ್ವಿನ್‌ದು. ಕೆಂಪನ್ನು ಎರಡನೇ ದೀಪವಾಗಿ ಇಟ್ಟುಕೊಳ್ಳಿ.

ಕೆಂಪಿನ ಪರವಾದ ವಾದ ಸುಳ್ಳಲ್ಲ. ಕತ್ತಲಲ್ಲಿ ನೋಡುವ ಕಣ್ಣಿನ ದಂಡಕೋಶಗಳು 507 ನ್ಯಾನೋಮೀಟರ್ ಆಸುಪಾಸಿನ ನೀಲಿ-ಹಸಿರಿಗೆ ಅತಿ ಸೂಕ್ಷ್ಮ, 620 ದಾಟಿದ ಕೆಂಪಿಗೆ ಬಹುಪಾಲು ಕುರುಡು. ಈ ಕೋಶಗಳು ಪೂರ್ತಿ ಹೊಂದಿಕೊಳ್ಳಲು 30ರಿಂದ 40 ನಿಮಿಷ ಬೇಕು. ಒಂದು ಸಲ ಬೆಳ್ಳನೆ ಟಾರ್ಚ್ ಬಿದ್ದರೆ ಮತ್ತೆ ಮೊದಲಿನಿಂದ. ಹಾಗಾಗಿ ಕೆಂಪು ದೀಪ ಹೊಂದಿಕೆಯನ್ನು ಕಾಪಾಡುತ್ತದೆ. ಆದರೆ ನಕ್ಷೆಯ ಮೇಲಿನ ಕೆಂಪು ಮತ್ತು ಮಜೆಂಟಾ ಗೆರೆಗಳು ಕೆಂಪು ಬೆಳಕಲ್ಲಿ ಕಾಗದದೊಳಗೇ ಕರಗಿಹೋಗುತ್ತವೆ, ವಾಯುಪ್ರದೇಶದ ಗಡಿಗಳು ಹೆಚ್ಚಾಗಿ ಅದೇ ಬಣ್ಣದವು. ಏರ್‌ಸ್ಪೀಡ್ ಮೀಟರಿನ ಕೆಂಪು ಗೆರೆಯೂ ಹಾಗೆಯೇ. ಇದರ ಮೇಲೆ, ಕೆಂಪು ಕಿರಣ ಅಕ್ಷಿಪಟಲದ ಹಿಂದೆ ಕೂಡುವುದರಿಂದ ಹತ್ತಿರದ್ದನ್ನು ಓದಲು ಕಣ್ಣು ಹೆಚ್ಚು ಬಿಗಿಯಬೇಕು. ನಲವತ್ತೈದು ದಾಟಿ ಚಾಳೀಸು ಬಂದವರಿಗೆ ಸಣ್ಣ ಅಂಕಿಗಳು ಮಸುಕು.

ಬಣ್ಣಕ್ಕಿಂತ ಪ್ರಮಾಣ ಮುಖ್ಯ. ಚೆನ್ನಾಗಿ ಇಳಿಸಿದ ಬಿಳಿ, ಝಗಝಗಿಸುವ ಕೆಂಪಿಗಿಂತ ಕಣ್ಣಿಗೆ ಹಿತ. 6,500 ಕೆಲ್ವಿನ್‌ನ ನೀಲಿ ಬಿಳಿ ಮಾತ್ರ ಬೇಡವೇ ಬೇಡ, ದಂಡಕೋಶಗಳಿಗೆ ನೇರ ಹೊಡೆಯುವುದು ಅದೇ.

ಎತ್ತರದ ಲೆಕ್ಕವನ್ನೂ ಸೇರಿಸಿಕೊಳ್ಳಿ. ಆಮ್ಲಜನಕ ಕಡಿಮೆಯಾದಂತೆ ರಾತ್ರಿದೃಷ್ಟಿ ಕುಂದುವುದು ಸುಮಾರು 5,000 ಅಡಿಯಿಂದಲೇ ಶುರು. ಹುಬ್ಬಳ್ಳಿ ವಿಮಾನ ನಿಲ್ದಾಣವೇ ಸಮುದ್ರಮಟ್ಟದಿಂದ 2,100 ಅಡಿಗೂ ಮೇಲಿದೆ. ನೆಲದಿಂದ ಮೂರು ಸಾವಿರ ಅಡಿ ಏರುವಷ್ಟರಲ್ಲಿ ಆ ಗಡಿ ಬಂದಾಯಿತು. ಸಿಗರೇಟು ಸೇದುವವರಿಗೆ ಅದಕ್ಕೂ ಮೊದಲೇ.

ಪ್ರಶ್ನೆ: ರಾತ್ರಿ ಹಾರೂವಾಗ ಪ್ಯಾನಲ್ ಲೈಟೆಲ್ಲಾ ಕ್ಯಾನೊಪಿ ಗಾಜಿನ್ಯಾಗ ಕಾಣಿಸಿ ಹೊರಗಿಂದು ಏನೂ ಕಾಣಂಗಿಲ್ಲ ಅಂತಾರ. ಇದಕ್ಕೇನು ಉಪಾಯ?
– ಓದುಗರು, ಮುಂಡರಗಿ, ಗದಗ ಜಿಲ್ಲೆ

ಉತ್ತರ: ಗುಮ್ಮಟದಂಥ ಕ್ಯಾನೊಪಿ ಇರುವ ವಿಮಾನಗಳಲ್ಲಿ ಇದು ದೊಡ್ಡ ತೊಂದರೆ, ಏಕೆಂದರೆ ಬಾಗಿದ ಅಕ್ರಿಲಿಕ್ ಎಲ್ಲಾ ದಿಕ್ಕಿನ ಬೆಳಕನ್ನೂ ಪೈಲಟ್‌ನ ಕಡೆಗೇ ತಿರುಗಿಸುತ್ತದೆ. ನೀವು ಮುಂಡರಗಿಯವರಾದ್ದರಿಂದ ಅಲ್ಲಿಯದೇ ಉದಾಹರಣೆ: ಕಪ್ಪತಗುಡ್ಡದ ಸಾಲಿನಲ್ಲಿ ಗಾಳಿಗಿರಣಿಗಳಿವೆ. ಅಂಥ ಎತ್ತರದ ಕಂಬದ ತುದಿಯ ಕೆಂಪು ಎಚ್ಚರಿಕೆ ದೀಪ ಒಂದು ಕಡೆ, ಪ್ಯಾನಲ್‌ನ ಕೆಂಪು ಸೂಚಕದ ಪ್ರತಿಬಿಂಬ ಅದರ ಪಕ್ಕದಲ್ಲೇ. ನೋಡಲು ಎರಡೂ ಒಂದೇ. ಸಂಶಯ ಬಂದಾಗ ತಲೆಯನ್ನು ಅರ್ಧ ಅಡಿ ಪಕ್ಕಕ್ಕೆ ಸರಿಸಿ. ದೂರದ ದೀಪ ನಕ್ಷತ್ರಗಳ ಜೊತೆ ಇದ್ದಲ್ಲೇ ಇರುತ್ತದೆ, ಪ್ರತಿಬಿಂಬ ಅವುಗಳ ನಡುವೆ ಜಾರುತ್ತದೆ.

ತಡೆಯುವ ಕೆಲಸ ನೆಲದ ಮೇಲೇ ಆಗಬೇಕು. ಕತ್ತಲಾದ ಮೇಲೆ ಊರ ಬೆಳಕಿಲ್ಲದ ಕಡೆ ವಿಮಾನ ನಿಲ್ಲಿಸಿ, ಕ್ಯಾನೊಪಿ ಮುಚ್ಚಿ, ಅರ್ಧ ಗಂಟೆ ಒಳಗೆ ಕೂತು ಕಣ್ಣು ಹೊಂದಿಸಿಕೊಳ್ಳಿ. ಆಮೇಲೆ ಎಲ್ಲಾ ದೀಪ ಹಾಕಿ, ಒಂದೊಂದನ್ನೇ ಕಪ್ಪು ಟೇಪಿನಿಂದ ಮುಚ್ಚುತ್ತಾ ಗಾಜಿನ ಮೇಲಿನ ಯಾವ ಚುಕ್ಕೆ ಯಾವುದರದು ಎಂದು ಬರೆದುಕೊಳ್ಳಿ. ಗ್ಲೇರ್‌ಶೀಲ್ಡ್‌ನ ಅಂಚು ಪ್ಯಾನಲ್‌ನಿಂದ 5ರಿಂದ 7 ಸೆಂಟಿಮೀಟರ್ ಮುಂದಕ್ಕೆ ಚಾಚಿದ್ದು, ಅದರ ಮೇಲೂ ಕೆಳಗೂ ಹೊಳಪಿಲ್ಲದ ಕಪ್ಪು ಇದ್ದರೆ ಮುಕ್ಕಾಲು ಚುಕ್ಕೆಗಳು ಹೋಗುತ್ತವೆ. ಎಲ್‌ಇಡಿ ನೇರ ಕಣ್ಣಿಗೆ ಬೀಳಬಾರದು. ಪಕ್ಕದ ಸೀಟಿನಿಂದಲೂ ನೋಡಿ, ಕುಳ್ಳಗಿರುವವರನ್ನೂ ಕೂರಿಸಿ ನೋಡಿ.

ಬಿಳಿ ಅಂಗಿ ಬೇಡ. ತೊಡೆಯ ಮೇಲಿನ ಬಿಳಿ ಹಾಳೆಯೂ ಬೆಳಕು ಎಸೆಯುತ್ತದೆ. ರೆಕ್ಕೆ ತುದಿಯ ಎಡಗೆಂಪು, ಬಲಹಸಿರು ದೀಪಗಳು ಮತ್ತು ಸ್ಟ್ರೋಬ್ (ಮಿಂಚಿ ಮಿಂಚಿ ಉರಿಯುವ ದೀಪ) ಕೂತ ಜಾಗದಿಂದ ನೇರ ಕಂಡರೆ ಸಣ್ಣ ತಗಡಿನ ಮರೆ ಕಟ್ಟಿ. ಆದರೆ ಪ್ರತಿ ಪಕ್ಕದ ದೀಪ ಮೂತಿಯ ನೇರದಿಂದ ಹೊರಕ್ಕೆ 110 ಡಿಗ್ರಿ ಕಾಣಲೇಬೇಕು, ಮರೆ ಆ ಕೋನವನ್ನು ತಿನ್ನಬಾರದು. ಗೀರುಬಿದ್ದ ಅಕ್ರಿಲಿಕ್‌ಗೆ ಪಾಲಿಶ್ ಹೊರತು ಬೇರೆ ದಾರಿಯಿಲ್ಲ.

ಪ್ರಶ್ನೆ: ಈಗಿನ ಪ್ಯಾನಲ್‌ಗಳಲ್ಲಿ ಮೀಟರುಗಳ ಬದಲು ಪರದೆಗಳೇ ಇವೆ. ಅವು ತಾವೇ ಬೆಳಗುವುದರಿಂದ ಬೇರೆ ದೀಪ ಬೇಕೆ? ಎಚ್ಚರಿಕೆ ದೀಪಗಳ ಗತಿ ಏನು?
– ಓದುಗರು, ಬ್ಯಾಡಗಿ, ಹಾವೇರಿ ಜಿಲ್ಲೆ

ಉತ್ತರ: ಬೇಕು. ಪರದೆ ತನ್ನನ್ನು ತೋರಿಸಿಕೊಳ್ಳುತ್ತದೆ, ಸ್ವಿಚ್ಚು, ಫ್ಯೂಸು, ಇಂಧನದ ಕವಾಟ ಎಲ್ಲಿದೆ ಎಂದು ತೋರಿಸುವುದಿಲ್ಲ.

ಪರದೆಯ ಹೊಳಪನ್ನು ತಾನಾಗಿ ಹೊಂದಿಸುವ ಸಂವೇದಕವನ್ನು ರಾತ್ರಿ ಬಂದ್ ಮಾಡಿ, ಕೈಯಿಂದಲೇ ಇಟ್ಟುಕೊಳ್ಳುವುದು ಒಳ್ಳೆಯದು. ಅದರ ಮೇಲೆ ಟಾರ್ಚ್ ಬೆಳಕು ಬಿದ್ದರೆ ಹಗಲಾಯಿತೆಂದು ತಿಳಿದು ಪರದೆ ಒಮ್ಮೆಲೆ ಉರಿಯುತ್ತದೆ. ಟ್ಯಾಬ್ಲೆಟ್‌ಗಳು ಕನಿಷ್ಠಕ್ಕೆ ಇಳಿಸಿದರೂ ಹೆಚ್ಚೇ, ನಕ್ಷೆಯನ್ನು ಕಪ್ಪು ಹಿನ್ನೆಲೆಗೆ ಬದಲಿಸಿ. ಆದರೂ ಒಂದೇ ತಿರುವಿನಲ್ಲಿ ಎಲ್ಲವನ್ನೂ ಪೂರ್ತಿ ಏರಿಸುವ ವ್ಯವಸ್ಥೆ ಇರಲಿ. ಹತ್ತಿರ ಮಿಂಚು ಹೊಡೆಯುತ್ತಿದ್ದರೆ ಒಳಗಿನ ಬೆಳಕನ್ನು ಬೇಕೆಂದೇ ಹೆಚ್ಚಿಸಬೇಕು, ಇಲ್ಲದಿದ್ದರೆ ಮಿಂಚಿನ ನಂತರ ಕೆಲಹೊತ್ತು ಮೀಟರುಗಳೇ ಕಾಣುವುದಿಲ್ಲ.

ಎಣ್ಣೆ ಒತ್ತಡದಂಥ ಎಚ್ಚರಿಕೆ ದೀಪಗಳನ್ನು ಪ್ಯಾನಲ್ ಡಿಮ್ಮರಿಗೆ ಯಾವತ್ತೂ ಸೇರಿಸಬೇಡಿ, ಪೂರ್ತಿ ಇಳಿಸಿದಾಗ ಎಚ್ಚರಿಕೆಯೂ ಆರಿಹೋಗುತ್ತದೆ. ಹಗಲಿಗೆ 820 ಓಮ್ ರೆಸಿಸ್ಟರಿನಲ್ಲಿ ಕೆಂಪು ಎಲ್‌ಇಡಿಗೆ 15 ಮಿಲಿಆಂಪ್ ಸಿಗುತ್ತದೆ. ಸರಣಿಯಲ್ಲಿ 10 ಕಿಲೋಓಮ್ ಸೇರಿಸಿದರೆ ಸುಮಾರು 1 ಮಿಲಿಆಂಪ್. ಕತ್ತಲಲ್ಲಿ ಇದು ಚೆನ್ನಾಗಿ ಕಾಣುತ್ತದೆ, ಕುಕ್ಕುವುದಿಲ್ಲ. ಆ 10 ಕಿಲೋಓಮನ್ನು ಹಗಲಲ್ಲಿ ದಾಟಿಸಲು ಬೇರೆ ಸ್ವಿಚ್ ಇಟ್ಟರೆ ಮರೆಯುವುದು ಖಂಡಿತ. ರೆಕ್ಕೆ ದೀಪದ ಸ್ವಿಚ್‌ನಿಂದ ಎಳೆಯುವ ರಿಲೇ ಮೂಲಕ ಮಾಡಿ: ರೆಕ್ಕೆ ದೀಪ ಹಾಕಿದಾಗ ಮಾತ್ರ ಎಚ್ಚರಿಕೆಗಳು ಮಂದವಾಗಲಿ.

ಪ್ರಶ್ನೆ: ಇಂಥ ವಿಮಾನ ಕಟ್ಟಿದರೆ ನಮ್ಮಲ್ಲಿ ರಾತ್ರಿ ಹಾರಿಸಬಹುದೆ?
– ಓದುಗರು, ನವನಗರ, ಹುಬ್ಬಳ್ಳಿ

ಉತ್ತರ: ಭಾರತದಲ್ಲಿ ಕಣ್ಣಳತೆಯ ಹಾರಾಟಕ್ಕೆ, ಅಂದರೆ ವಿಎಫ್‌ಆರ್‌ಗೆ, ಸೂರ್ಯಾಸ್ತದ 20 ನಿಮಿಷದ ನಂತರದಿಂದ ಸೂರ್ಯೋದಯಕ್ಕೆ 20 ನಿಮಿಷ ಮೊದಲಿನವರೆಗೆ ಅವಕಾಶವಿಲ್ಲ. ಏರ್ ಟ್ರಾಫಿಕ್ ಕಂಟ್ರೋಲ್ ವಿನಾಯಿತಿ ಕೊಟ್ಟ ಸ್ಥಳೀಯ ಹಾರಾಟ ಮತ್ತು ಫ್ಲೈಯಿಂಗ್ ಕ್ಲಬ್‌ಗಳ ತರಬೇತಿ ಹಾರಾಟ ಮಾತ್ರ ಇದಕ್ಕೆ ಹೊರತು. ಮೈಕ್ರೋಲೈಟ್‌ಗಳಿಗೆ ಹಗಲು ಮಾತ್ರ. ಅಮೆರಿಕದಲ್ಲಿ ಮನೆಯಲ್ಲಿ ಕಟ್ಟಿದ ವಿಮಾನಕ್ಕೂ ದಾರಿಯಿದೆ: ಆ ವಿಮಾನಕ್ಕೆ ಕೊಟ್ಟ ಹಾರಾಟ ಮಿತಿಗಳ ಪತ್ರದಲ್ಲಿ ರಾತ್ರಿಗೆ ಒಪ್ಪಿಗೆಯಿರಬೇಕು, ಅಲ್ಲಿನ 91.205ನೇ ನಿಯಮದ ಸಲಕರಣೆಗಳಿರಬೇಕು. ರೆಕ್ಕೆ ಮತ್ತು ಬಾಲದ ದೀಪ, ಡಿಕ್ಕಿ ತಪ್ಪಿಸುವ ದೀಪ, ಸಾಕಷ್ಟು ವಿದ್ಯುತ್, ಕೈಗೆಟಕುವಂತೆ ಪ್ರತಿ ಬಗೆಯ ಮೂರು ಅಥವಾ ಒಂದು ಪೂರ್ತಿ ಜೊತೆ ಬಿಡಿ ಫ್ಯೂಸ್ ಆ ಪಟ್ಟಿಯಲ್ಲಿವೆ. ಪ್ಯಾನಲ್ ಬೆಳಕಿನ ಹೆಸರು ರಾತ್ರಿಯ ಆ ಪಟ್ಟಿಯಲ್ಲಿಲ್ಲ, ಹಾಗೆಂದು ಅದನ್ನು ಬಿಟ್ಟು ಯಾರೂ ಹಾರಬಾರದು.

ಪ್ರಶ್ನೆ: ಕಮರ್ಷಿಯಲ್ ಪೈಲಟ್ ಲೈಸೆನ್ಸಿಗೆ ಐದು ತಾಸು ರಾತ್ರಿ ಹಾರಾಟ ಮಾಡಬೇಕು. ಪ್ಯಾನಲ್ ದೀಪ ಕೈಕೊಟ್ಟರೆ ಎಂಬ ಹೆದರಿಕೆ. ಯಾವ ಟಾರ್ಚ್ ಒಯ್ಯಲಿ?
– ತರಬೇತಿ ಪೈಲಟ್, ಬೆಟಗೇರಿ, ಗದಗ

ಉತ್ತರ: ಎರಡು ಒಯ್ಯಿರಿ. ಒಂದು ಹಣೆಗೆ ಕಟ್ಟುವುದು, ಇನ್ನೊಂದು ಕೊರಳ ದಾರಕ್ಕೆ ಸಣ್ಣದು. ಕೈಯಿಂದ ಜಾರಿ ಪೆಡಲ್ ಕೆಳಗೆ ಉರುಳಿದ ಟಾರ್ಚ್ ದೀಪವಿಲ್ಲದ್ದಕ್ಕಿಂತ ಕೇಡು. ಮೊದಲ ಒತ್ತಿಗೇ ಮಂದವಾಗಿ ಹೊತ್ತುವುದನ್ನು ಆರಿಸಿ. ಬಹಳ ಟಾರ್ಚುಗಳು ಮೊದಲು ಪೂರ್ತಿ ಝಗ್ಗನೆ ಹೊತ್ತಿ ಆಮೇಲೆ ಇಳಿಯುತ್ತವೆ, ಅಷ್ಟರಲ್ಲಿ ಕಣ್ಣಿನ ಅರ್ಧ ಗಂಟೆ ಹಾಳು. ಅಂಥದ್ದೇ ಇದ್ದರೆ ಗಾಜಿಗೆ ಎರಡು ಪದರ ಮಾಸ್ಕಿಂಗ್ ಟೇಪ್ ಹಚ್ಚಿ, ಹೊತ್ತಿಸುವಾಗ ಒಂದು ಕಣ್ಣು ಮುಚ್ಚಿ. ಆಲ್ಕಲೈನ್ ಸೆಲ್ ಒಳಗೇ ಇಟ್ಟು ತಿಂಗಳುಗಟ್ಟಲೆ ಬಿಟ್ಟರೆ ಸೋರುತ್ತದೆ. ಲಿಥಿಯಂ ಸೆಲ್ ಹಾಕಿ.

ಹಾರುವ ಮೊದಲು ಕಣ್ಣು ಮುಚ್ಚಿ ಪ್ರತಿ ಸ್ವಿಚ್ಚನ್ನು ಮುಟ್ಟಿ ಹೆಸರು ಹೇಳುವ ಅಭ್ಯಾಸ ಮಾಡಿ. ವಿಮಾನ ಕಟ್ಟುವವರಿಗೂ ಇಲ್ಲೊಂದು ಮಾತು: ಗ್ಲೇರ್‌ಶೀಲ್ಡ್ ಪಟ್ಟಿ ಒಂದು ಫ್ಯೂಸ್ ಮೇಲೆ, ಬಾಗುವ ಕತ್ತಿನ ನಕ್ಷೆ ದೀಪ ಬೇರೆ ಫ್ಯೂಸ್ ಮೇಲೆ, ಸಾಧ್ಯವಾದರೆ ಬೇರೆ ಬಸ್ ಮೇಲೆ. ಎರಡಕ್ಕೂ ಗ್ರೌಂಡ್ ಒಂದೇ ಸ್ಕ್ರೂನಲ್ಲಿ ಕೊಟ್ಟರೆ ಆ ಸ್ಕ್ರೂ ಸಡಿಲಾದ ದಿನ ಎರಡೂ ಒಟ್ಟಿಗೆ ಹೋಗುತ್ತವೆ. ಒಂದೊಂದಕ್ಕೂ ತನ್ನದೇ ಗ್ರೌಂಡ್ ತಂತಿ ಎಳೆಯಿರಿ.

ಪ್ರಶ್ನೆ: ನಮ್ಮದು ಲಾರಿ. ರಾತ್ರಿ ಹೊತ್ತು ಕ್ಯಾಬಿನ್ನಿನ ಲೈಟ್ ಕಣ್ಣಿಗೆ ಹೊಡಿತದ. ಇದೇ ಡಿಮ್ಮರ್ ನಡೀತದೇನ್ರಿ?
– ಓದುಗರು, ರಾಣೇಬೆನ್ನೂರು

ಉತ್ತರ: ನಡೆಯುತ್ತದೆ, ಆದರೆ ನಿಮ್ಮದು 24 ವೋಲ್ಟ್ ಗಾಡಿ, ಎಂಜಿನ್ ಓಡುವಾಗ 28. ಅದೇ 12 ವೋಲ್ಟ್ ಪಟ್ಟಿ ಹಾಕಿದರೆ ರೆಗ್ಯುಲೇಟರ್ ಎರಡು ವ್ಯಾಟ್‌ಗೂ ಹೆಚ್ಚು ಬಿಸಿಯಾಗುತ್ತದೆ. 24 ವೋಲ್ಟ್ ಪಟ್ಟಿಯನ್ನೇ ತನ್ನಿ, ಎರಡು ಕತ್ತರಿ ಗುರುತಿನ ನಡುವೆ ಆರು ಎಲ್‌ಇಡಿ ಇದೆಯೇ ಎಣಿಸಿ. ಆಗ ಮೊದಲ ಉತ್ತರದ ಎಲ್‌ಎಂ317 ಜೋಡಣೆಯಲ್ಲಿ 1.2ರ ಬದಲು 2.7 ಕಿಲೋಓಮ್, 1ರ ಬದಲು 2 ಕಿಲೋಓಮ್ ಪಾಟ್, ಅದರ ಸಮಾಂತರಕ್ಕೆ 3.3 ಕಿಲೋಓಮ್. 15ರಿಂದ 22 ವೋಲ್ಟ್‌ವರೆಗೆ ನಾಬ್ ನಯವಾಗಿ ಕೆಲಸ ಮಾಡುತ್ತದೆ. ಓಡುತ್ತಿರುವಾಗ ಬ್ಯಾಟರಿ ಟರ್ಮಿನಲ್ ಸಡಿಲಾದರೆ ಆಲ್ಟರ್ನೇಟರ್ ಕ್ಷಣಕಾಲ ಬಹಳ ಹೆಚ್ಚು ವೋಲ್ಟೇಜ್ ಎಸೆಯುತ್ತದೆ, ಮಾಮೂಲಿ ಎಲ್‌ಎಂ317 ಇನ್‌ಪುಟ್-ಔಟ್‌ಪುಟ್ ನಡುವೆ 40 ವೋಲ್ಟ್ ಮಾತ್ರ ತಡೆಯುತ್ತದೆ. ಲಾರಿಗೆ 60 ವೋಲ್ಟ್ ತಡೆಯುವ ಎಲ್‌ಎಂ317ಎಚ್‌ವಿ ಕೇಳಿ ತೆಗೆದುಕೊಳ್ಳಿ, ಟರ್ಮಿನಲ್‌ಗಳನ್ನೂ ಬಿಗಿ ಮಾಡಿಸಿ.